ಜಾವಳದ ಕೂದಲು ಮತ್ತು ನಮ್ಮ ಕೆರೆಯ ಕಾವಲು

ಗೆಳೆಯರೇ, ಇವತ್ತು ನಮ್ಮ ಕೆರೆ ಕಾವಲಿಗೆ ಸಿಕ್ಕಿಬಿದ್ದವರು ಯಾರು ಗೊತ್ತೇ? ನನ್ನ ಸ್ವಂತ ಅತ್ತೆ!

ಮಗಳೊಂದಿಗೆ ನಾನೀಗ ಇರುವ ತವರೂರು ಕಮಲಾಪುರದ ಕೆರೆಗೆ ಯಾರೂ ಪೂಜೆಯ ಹೂವು, ಪ್ಲಾಸ್ಟಿಕ್ ಚೀಲ ಎಸೆಯದಂತೆ ನಾವು ಕೆಲವು ಹೆಂಗಸರು ಭಾನುವಾರ ದಂಡೆಯ ಮೇಲೆ ನಿಲ್ಲುತ್ತೇವೆ. ಬೆಳಿಗ್ಗೆ ಕಲಬುರಗಿಯ ಬಸ್ಸಿನಿಂದಿಳಿದ ಅತ್ತೆ ನೇರ ನೀರಿನ ಕಡೆಗೆ ನಡೆದರು. ಕೈಯಲ್ಲಿದ್ದ ಕ್ಯಾರಿಬ್ಯಾಗಿನಲ್ಲಿ ಹೂವು, ಕುಂಕುಮ, ಅವರ ಮನೆಯಲ್ಲಿ ತೆಗೆಸಿದ್ದ ನನ್ನ ಮಗಳ ಜಾವಳದ ಕೂದಲು, ಅಂದರೆ ಹುಟ್ಟುಗೂದಲು.

ಗೆಳತಿ ಶಬಾನಾ ಹಿಂದೆ ಸರಿದಳು. "ನಿಮ್ಮ ಅತ್ತೀನ ನೀನೇ ತಡಿಯವ್ವ, ನಾ ಒಲ್ಲೆ!"

ತಡೆದೆ. ಅತ್ತೆ ಕೆಂಡವಾದರು. "ಜಾವಳ ನೀರಿಗಿ ಬಿಡಲಿಲ್ಲಂದ್ರ ಕೂಸಿಗಿ ಒಳ್ಳೇದಾಗ್ತದೇನು?"

ಮಗಳು ಒಮ್ಮೆ ಸೀನಿದರೂ ರಾತ್ರಿಯಿಡೀ ಎದ್ದು ಕೂರುವವಳು ನಾನು. ಆದರೂ ಹೇಳಿದೆ: "ನಮ್ಮವ್ವನ ಮನಿ ಬೋರಿಗಿ ಇದೇ ನೀರು ಇಳೀತದ್ರೀ, ಅತ್ತಿ. ಕೂಸು ಅದನ್ನೇ ಕುಡೀತದ. ಕೂದಲು ಹಿತ್ತಲದಾಗ ಬಾಳಿ ಗಿಡದ ಬುಡಕ್ಕ ಇಟ್ಟು ಅದೇ ನೀರು ಹಾಕೂಣು."

ಅತ್ತೆ ಚೀಲದ ಬಾಯಿಗೆ ಗಂಟು ಹಾಕಿದರು. "ಕೆಂಪು ಬಾಳಿ ಅದೇನು?"

"ಹೌದ್ರೀ, ನಮ್ಮ ಕಮಲಾಪುರದ ಹೆಸರುವಾಸಿ ಕೆಂಪು ಬಾಳೀನೇ."

"ಹಂಗಾದ್ರ ನಡಿ."

ಹೊರಡುವಷ್ಟರಲ್ಲಿ ಕಾರೊಂದು ನಿಂತಿತು. ಬಾಡಿದ ಹಾರದ ಚೀಲ ಹಿಡಿದು ಇಳಿದವನ ಎದುರಿಗೆ ನಮಗಿಂತ ಮೊದಲು ಅತ್ತೆ ಹೋಗಿ ನಿಂತರು. "ಏ ತಮ್ಮಾ! ನನ್ನ ಮೊಮ್ಮಗಳ ಜಾವಳಾನೇ ಬಿಡಗೊಟ್ಟಿಲ್ಲ ಇವ್ರು. ನಿನ್ನ ಬಾಡಿದ ಹಾರ ಬಿಡಗೊಡ್ತೀನೇನು ನಾ?"

ಅವನು ಚೀಲದ ಸಮೇತ ಕಾರು ಹತ್ತಿದ!

ಇಷ್ಟು ದಿನ ನಾವು ಬೋರ್ಡು ಬರೆದು, ಕೈಮುಗಿದು ಬೇಡಿಕೊಂಡದ್ದೆಲ್ಲ ಯಾತಕ್ಕೋ. ಒಬ್ಬ ಅತ್ತೆಯನ್ನು ದಂಡೆಯ ಮೇಲೆ ನಿಲ್ಲಿಸಿದ್ದರೆ ಸಾಕಿತ್ತು.