ಚಿತ್ರವಿಲ್ಲದ ಮತಪತ್ರ

ಜರ್ಮನ್ ಪೌರತ್ವ ಸಿಕ್ಕ ಮೇಲೆ ರೇಗನ್ಸ್‌ಬರ್ಗ್ ನಗರಸಭೆಗೆ ನನ್ನ ಮೊದಲ ಮತ. ಅಂಚೆಯಲ್ಲಿ ಬಂದ ಮತಪತ್ರ ಊಟದ ಮೇಜನ್ನೇ ಮುಚ್ಚಿತು. ಒಟ್ಟು ಐವತ್ತು ಮತ; ಯಾವ ಪಕ್ಷದವರಿಗಾದರೂ ಹಂಚಬಹುದು, ಒಬ್ಬರಿಗೆ ಮೂರರವರೆಗೆ. ಲೆಕ್ಕ ಐವತ್ತು ಮೀರಿದರೆ ಪತ್ರವೇ ರದ್ದು.

ವಿಡಿಯೊ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ. ಅಕ್ಷರ ಬಾರದ ಅವಳು ಚಿಹ್ನೆ ನೋಡಿಯೇ ಓಟು ಹಾಕುವವಳು.

"ಚಿತ್ರ ಎಲ್ಲೈತೆ ಮಗಳೆ?"

"ಇಲ್ಲ ಕಣವ್ವ. ಹೆಸರು, ಕಸುಬು ಅಷ್ಟೆ."

"ಕಸುಬೂ ಬರ್ದವ್ರಾ? ಹಂಗಾರೆ ಓದು, ಕೇಳ್ತೀನಿ."

ಬಸ್ ಚಾಲಕ, ವಕೀಲ, ನರ್ಸ್ ಎಂದು ಓದುತ್ತಾ ಹೋದೆ. ಮನೆಯಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಓದು ಬಂದವರಿಗೆ ಒಂದು ಹಾಳೆಯಲ್ಲಿ ಇಡೀ ಊರೇ ಕಾಣುತ್ತದೆಂದು ಅಂದೇ ತಿಳಿದದ್ದು.

"ಆ ನರ್ಸಮ್ಮಂಗೆ ಮೂರೂ ಹಾಕು."

"ಅವಳದು ನಾನು ಒಪ್ಪೋ ಪಕ್ಷ ಅಲ್ಲ ಅವ್ವ."

"ಜ್ವರ ಬಂದ್ರೆ ಪಕ್ಷ ಬತ್ತದಾ?"

ಅವಳ ಹೆಸರಿನ ಮುಂದೆ ಮೂರು ಎಂದು ಬರೆದೆ. ಉಳಿದ ಮತಗಳನ್ನೂ ಹಂಚಿದ ಮೇಲೆ ಎಲ್ಲವನ್ನೂ ಕೂಡಿದೆ, ಅವ್ವನಿಗೆ ಕೇಳುವಂತೆ ಗಟ್ಟಿಯಾಗಿ. ಸರಿಯಾಗಿ ಐವತ್ತು.