ಸೋಮವಾರದ ಉಣ್ಣಿ

ಅದು ಸೋಮವಾರವೇ ಆಗಿತ್ತೋ ಅಲ್ಲವೋ, ಈಗ ನನಗೆ ಖಾತ್ರಿಯಿಲ್ಲ. ಬಳಗಾನೂರಿನ ಅಕ್ಕನ ಮನೆಯಲ್ಲಿ ಉಣ್ಣಿ ಕೀಳುವುದಕ್ಕೆಂದೇ ಒಂದು ತೆಂಗಿನ ಚಿಪ್ಪು ಇದೆ. ದಿನವೂ ಮುಂಜಾನೆ ಅದರಲ್ಲಿ ತುಸು ಡೀಸೆಲ್ ಹಾಕಿಕೊಂಡು, ಆಕಳ ಕಿವಿ, ಕೆಚ್ಚಲು, ಬಾಲದ ಬುಡವನ್ನೆಲ್ಲ ತಡಕಿ, ಕಿತ್ತ ಉಣ್ಣಿಗಳನ್ನು ಅಕ್ಕ ಅದರೊಳಗೆ ಹಾಕುತ್ತಾಳೆ. ಸೋಮವಾರ ಮಾತ್ರ ಚಿಪ್ಪಿಗೆ ಬಿಡುವು. ಅಂದು ಎತ್ತಿನ ಹೆಗಲಿಗೆ ನೊಗವಿಲ್ಲ; ಆ ಮನೆಯ ಕೊಟ್ಟಿಗೆಯಲ್ಲಿ ಉಣ್ಣಿಯ ಜೀವವನ್ನೂ ತೆಗೆಯುವುದಿಲ್ಲ. ಅಕ್ಕನ ಆಕಳು ಗೌರಿಯ ಕಿವಿಯೊಳಗೆ ಹೊಸದಾಗಿ ಕಚ್ಚಿದ ಚಪ್ಪಟೆ ಉಣ್ಣಿಗಳನ್ನು ನಾನು ಕಂಡ ದಿನ, ನನ್ನ ನೆನಪಿನ ಪ್ರಕಾರ, ಚಿಪ್ಪು ಗೋಡೆಯ ಮಾಡದಲ್ಲಿ ಬೋರಲಾಗಿತ್ತು. ಇಲ್ಲ, ಅವತ್ತು ಚಿಪ್ಪು ತನ್ನ ಕೈಯಲ್ಲೇ ಇತ್ತು ಅನ್ನುತ್ತಾಳೆ ಅಕ್ಕ.

ಕೆಲವು ವಾರಗಳಲ್ಲಿ ಗೌರಿಗೆ ಜ್ವರ ಬಂತು, ಕಿವಿಯ ಕೆಳಗೆ ಗಂಟು ಊದಿತು. ಮಸ್ಕಿಯಿಂದ ಬಂದ ಡಾಕ್ಟರು ಉಣ್ಣಿಯ ರೋಗವೆಂದರು, ಸೂಜಿ ಚುಚ್ಚಿದರು, ಆಕಳು ಉಳಿಯಲಿಲ್ಲ. ಸಾವೊಂದು ಬಂದ ಮೇಲೆ ಮನಸ್ಸು ಹಿಂದಿನ ದಿನಗಳನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತದೆಂಬುದು ನನಗೆ ಗೊತ್ತು. ಚಿಪ್ಪನ್ನು ಬೋರಲು ಹಾಕಿದ್ದು ನನ್ನ ದುಃಖವೂ ಇರಬಹುದು. ಈಗ ಅದೇ ಗೂಟದಲ್ಲಿ ಚೊಚ್ಚಲ ಗಬ್ಬದ ತುಂಗಿ ನಿಂತಿದ್ದಾಳೆ. ಅವಳನ್ನು ನನ್ನ ನೆನಪಿನ ಭರವಸೆಗೆ ಬಿಡಲಾರೆನೆಂದು, ಎಂದೋ ಓದಿದ ಪ್ರಾಣಿಶಾಸ್ತ್ರವನ್ನು ಮತ್ತೆ ತೆರೆದೆ.

ಉಣ್ಣಿಯ ಹೊಟ್ಟೆ ವಿಚಿತ್ರವಾದದ್ದು, ಗೆಳೆಯರೇ. ನಮ್ಮದು ಬಿದ್ದದ್ದನ್ನೆಲ್ಲ ಅರೆಯುವ ಗಿರಣಿ, ಅದರದ್ದು ಉಗ್ರಾಣ. ಹೀರಿದ ರಕ್ತ ಅಲ್ಲಿ ಸುಮ್ಮನೆ ತುಂಬಿಕೊಂಡಿರುತ್ತದೆ. ಕರುಳಿನ ಗೋಡೆಯ ಜೀವಕೋಶಗಳು ಗುಟುಕು ಗುಟುಕಾಗಿ ಒಳಗೆಳೆದುಕೊಂಡು ತಮ್ಮೊಳಗೇ ನಿಧಾನವಾಗಿ ಜೀರ್ಣಿಸುತ್ತವೆ. ಈ ಸಾವಧಾನವೇ ರೋಗಾಣುವಿಗೆ ಸಿಗುವ ಸಲುಗೆ. ಅರೆಯುವವರಿಲ್ಲದ ಆ ಮನೆಯಲ್ಲಿ ಅದು ಬದುಕಿ, ಕರುಳಿನ ಗೋಡೆ ದಾಟಿ, ಜೊಲ್ಲಿನ ಗ್ರಂಥಿಯಲ್ಲಿ ಬಿಡಾರ ಹೂಡಿ, ಉಣ್ಣಿ ಇನ್ನೊಂದು ದನವನ್ನು ಹತ್ತುವ ತನಕ ಕಾಯುತ್ತದೆ. ಕರುಳಿನಲ್ಲಿ ಮೊದಲೇ ನೆಲೆಸಿದ ಸೂಕ್ಷ್ಮಜೀವಿಗಳು ಕೆಲವು ರೋಗಾಣುಗಳಿಗೆ ದಾರಿ ಬಿಡುತ್ತವೆ, ಕೆಲವಕ್ಕೆ ಅಡ್ಡ ನಿಲ್ಲುತ್ತವೆ. ಇನ್ನೂ ಸೋಜಿಗವೆಂದರೆ, ರಕ್ತದಲ್ಲಿನ ಹೆಚ್ಚಿನ ನೀರನ್ನು ಉಣ್ಣಿ ಜೊಲ್ಲಿನ ಮೂಲಕ ಆಕಳ ಮೈಗೇ ಹಿಂದಿರುಗಿಸುತ್ತದೆ. ಕುಡಿದದ್ದರಲ್ಲಿ ಪಾಲು ಮರಳಿಸುವ ಆ ಮರ್ಯಾದೆಯ ಜೊತೆಗೇ ರೋಗವೂ ದಾಟುತ್ತದೆ.

ಒಂದು ದಿನದ ತಡವೂ ದುಬಾರಿಯಾದೀತೆಂದು ಯಾವುದೋ ಪಾಠದಲ್ಲಿ ಕೇಳಿದಂತಿತ್ತು. ಅದೂ ಮಸುಕು. ಆದರೂ ನಾನಿರುವ ಲಿಂಗಸುಗೂರಿನಿಂದ ಬಸ್ಸು ಹತ್ತಿ ಬಳಗಾನೂರಿಗೆ ಹೋಗಿ, ಕೊಟ್ಟಿಗೆಯಲ್ಲಿದ್ದ ಅಕ್ಕನ ಅತ್ತೆಯ ಮುಂದೆ ಕೂತೆ.

"ಅತ್ತೀ, ಸೋಮವಾರಾನೂ ಉಣ್ಣಿ ತಗೀಬೇಕ್ರಿ."

"ಬಸವಣ್ಣನ ವಾರದಾಗ ಜೀವ ತಗೀತೀಯೇನಪಾ? ದೊಡ್ಡ ಸಾಲಿ ಕಲ್ತು ಇದನ್ನ ಕಲ್ತ್ ಬಂದೀಯೇನು?"

"ಸೋಮವಾರ ಐತಿ ಅಂತ ಉಣ್ಣಿ ಒಪ್ಪತ್ತು ಮಾಡಂಗಿಲ್ರಿ."

ಅಕ್ಕ ಕಿಸಕ್ಕನೆ ನಕ್ಕಳು. "ಲೇ ತಮ್ಮಾ, ಅವತ್ತು ಯಾವ ವಾರ ಇತ್ತಂತ ನಿನಗ ನೆನಪಿಲ್ಲ, ಉಣ್ಣಿ ವಾರ ಹೇಳಾಕ ಬಂದಿ!"

"ನನ್ನ ನೆನಪು ಸುಳ್ಳಿರಬಹುದಕ್ಕಾ. ಗೌರಿ ಸತ್ತಿದ್ದು ಸುಳ್ಳಲ್ಲ. ನೀವು ಹ್ಞೂಂ ಅನ್ನೂತನಕ ನಾ ಏಳಂಗಿಲ್ಲ."

ಅತ್ತೆ ತುಂಗಿಯ ಕತ್ತಿನಡಿಯ ಗಂಗೆದೊಗಲನ್ನು ಬಹಳ ಹೊತ್ತು ಸವರಿದರು. ಆಮೇಲೆ ಎದ್ದು ಹೋಗಿ, ಮುಚ್ಚಳವಿದ್ದ ಖಾಲಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ನನ್ನ ಕೈಗೆ ಕೊಟ್ಟರು.

"ಕಿತ್ತು ಇದರಾಗ ಹಾಕ್ರಿ, ಮುಚ್ಚಳ ಬಿಗೀರಿ. ಕೊಲ್ಲೂದು ಮಂಗಳವಾರ ನೋಡೂಣಂತ."

ಈಗ ಸೋಮವಾರಗಳಂದು ಚಿಪ್ಪು ಎಂದಿನಂತೆ ಮಾಡದಲ್ಲಿ ಬೋರಲಾಗಿರುತ್ತದೆ. ಪಕ್ಕದ ಡಬ್ಬಿಯಲ್ಲಿ ಉಣ್ಣಿಗಳು ಜೀವಂತವಾಗಿ ಹರಿದಾಡುತ್ತಿರುತ್ತವೆ. ತುಂಗಿಯ ಕಿವಿ ಬರಿದಾಗಿರುತ್ತದೆ. ಗೌರಿಯ ಆ ದಿನ ಯಾವ ವಾರವೆಂದು ನನಗೆ ಇಂದಿಗೂ ತಿಳಿದಿಲ್ಲ, ತಿಳಿಯಲಿಕ್ಕೂ ಇಲ್ಲ. ಪುಸ್ತಕ ನೋಡಿ, ಸಿಂಧನೂರಿನ ಪಶುವೈದ್ಯರೊಬ್ಬರನ್ನೂ ಕೇಳಿ ಖಚಿತ ಮಾಡಿಕೊಂಡದ್ದು ಇಷ್ಟು: ಗೌರಿಯನ್ನು ಕೊಂದ ರೋಗಾಣು, ಉಣ್ಣಿ ಕಚ್ಚಿದ ದಿನವೇ ಅದರ ಜೊಲ್ಲಿನಲ್ಲಿ ಸಾಮಾನ್ಯವಾಗಿ ಮಾಗಿರುವುದಿಲ್ಲ; ರಕ್ತ ಹೀರತೊಡಗಿ ಒಂದೆರಡು ದಿನವಾದರೂ ಕಳೆಯಬೇಕು. ಭಾನುವಾರ ಕಚ್ಚಿದ ಉಣ್ಣಿಯನ್ನು ಸೋಮವಾರ ಕೀಳದೆ ಬಿಟ್ಟರೆ, ಮಂಗಳವಾರ ಮುಂಜಾನೆಯ ಹೊತ್ತಿಗೆ ಅಷ್ಟು ದಿನ ಅದಕ್ಕೆ ಸಿಕ್ಕಿರುತ್ತದೆ.