ಕಾಲು ಮಡಚಬೇಡಿ!

"ಅಯ್ಯೋ, ಕಾಲು! ಕಾಲ್ ಮಡಚ್‌ಬೇಡಿ ಕಣಮ್ಮಾ!"

ಇನ್ನೂ ಬೆಳಕು ಹರಿದಿಲ್ಲ. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಆಯಾ ಚಿಕ್ಕಮಾದಮ್ಮನವರ ಸುಪ್ರಭಾತ ಶುರುವಾಗಿದೆ. ತಲೆ ತೆರೆಯದೆ ಮೆದುಳಿಗೆ ಮದ್ದು ಮಾಡುವ ವಿದ್ಯೆ ಈ ಆಸ್ಪತ್ರೆಗೆ ಬಂದು ಎರಡು ವರ್ಷವಾಯಿತು, ಈಗ 2006. ಮೆದುಳಿನ ರಕ್ತನಾಳ ಗುಳ್ಳೆಯ ಹಾಗೆ ಉಬ್ಬಿದ್ದರೆ, ತೊಡೆಸಂದಿಯ ನಾಳದಿಂದ ತಲೆಯವರೆಗೂ ಸಣ್ಣ ಕೊಳವೆ ತೂರಿಸಿ, ಗುಳ್ಳೆಯೊಳಗೆ ನವಿರು ತಂತಿಯ ಸುರುಳಿ ತುಂಬುತ್ತಾರೆ. ಆಮೇಲೆ ಡಾಕ್ಟರು ಹೇಳುವವರೆಗೂ ಆ ಕಾಲು ಮಡಚುವಂತಿಲ್ಲ. ಮಡಚಿದರೆ ತೊಡೆಯ ಗಾಯ ಬಿಚ್ಚಿ ರಕ್ತ ಹರಿಯುತ್ತದೆ. ಆ ಕಾಲಿಗೆ ಕಾವಲು ಚಿಕ್ಕಮಾದಮ್ಮ.

"ಬಂದವ್ರದ್ದೆಲ್ಲಾ ಒಂದೇ ರಾಗ. ತಲೆನೋವು ಅಂದ್ರೆ ತೊಡೆಗೆ ಪಟ್ಟಿ ಕಟ್ಟವ್ರಲ್ಲಾ, ಅಂತ! ಹೇಳಿ ಹೇಳಿ ನನ್ ತಲೆನೇ ಕೆಟ್ಟೋಯ್ತು" ಎಂದು ಪತ್ರಿಕೆಯಿಂದ ಬಂದ ನಮ್ಮೆದುರು ಗೊಣಗಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಗಂಡ ತೀರಿಕೊಂಡ ವರ್ಷ, ತೊಂಬತ್ತೆರಡರಲ್ಲಿ, ಮಂಡಿ ಮೊಹಲ್ಲಾದಿಂದ ನಡೆದು ಬಂದು ನೆಲ ಒರೆಸುವ ಕೆಲಸಕ್ಕೆ ಸೇರಿದವರು ಇವರು.

ಇವತ್ತಿನ ಕಾಲು ವಿದ್ಯಾರಣ್ಯಪುರಂನ ಶಾಂತಾದೇವಿಯದು. ನಿನ್ನೆ ಸಂಜೆ ಸುರುಳಿ ತುಂಬಿದ್ದಾರೆ. ಮಠದ ವಿಭೂತಿ ಹಿಡಿದು ಮಾವ ಷಡಕ್ಷರಿ ಈಗಷ್ಟೇ ಒಳಗೆ ಬಂದಿದ್ದಾರೆ. ಮಂಚದ ಕಾಲ್ದೆಸೆ ಇರುವುದು ಬಾಗಿಲಿಗೆ ನೇರ. ಮಾವನ ಕಡೆಗೆ ಕಾಲು ಚಾಚುವುದುಂಟೆ! ಶಾಂತಾದೇವಿ ಸರಕ್ಕನೆ ಕಾಲೆಳೆದುಕೊಂಡರು. ಚಿಕ್ಕಮಾದಮ್ಮ ಎರಡೂ ಕೈಯಲ್ಲಿ ಮಂಡಿ ಅದುಮಿ ಹಿಡಿದಿದ್ದಾರೆ.

"ಮಾವನೋರು ಬಂದಿದ್ದಾರೆ, ಬಿಡಮ್ಮಾ!"

"ಆ ಶಿವನೇ ಬಂದ್ರೂ ಬುಡಾಕಿಲ್ಲ!"

ಪಟ್ಟಿಯ ಮೇಲೆ ಕೆಂಪು ಮೂಡಿದೆ. ಸಿಸ್ಟರ್ ಓಡಿ ಬಂದು ಗಾಯ ಒತ್ತಿ ಹಿಡಿಯುತ್ತಾರೆ. ಬಹಳ ಹೊತ್ತಿನ ಮೇಲೆ ರಕ್ತ ನಿಲ್ಲುತ್ತದೆ. ಬಾಗಿಲಲ್ಲೇ ನಿಂತ ಷಡಕ್ಷರಿಯವರ ಮುಖ ಬಿಳಿಚಿಕೊಂಡಿದೆ.

"ಸ್ವಾಮಿ, ತಲೆಕಡೆ ಬಂದು ನಿಂತ್ಕಳಿ. ಅಲ್ಲಿಗೆ ಯಾರೂ ಕಾಲು ಚಾಚಾಕಿಲ್ಲ" ಎಂದು ಚಿಕ್ಕಮಾದಮ್ಮ ಕರೆಯುತ್ತಾರೆ. ಷಡಕ್ಷರಿ ದಿಂಬಿನ ಬಳಿ ಬಂದು ಸೊಸೆಯ ಹಣೆಗೆ ವಿಭೂತಿ ಇಡುತ್ತಾರೆ.

ಮಂಚ ತಿರುಗಿಸಬಾರದೇ? ಹಿಂದೊಮ್ಮೆ ಬೇರೊಬ್ಬರಿಗೆ ತಿರುಗಿಸಿದ್ದೂ ಆಯಿತು. "ಉತ್ತರಕ್ಕೆ ತಲೆ ಹಾಕ್ಸೋಕೆ ಅದೇನು ಹೆಣವಾ?" ಎಂದು ಆ ರೋಗಿಯ ಕಡೆಯವರು ರಂಪ ಮಾಡಿದರು. ಅತ್ತ ದರಿ, ಇತ್ತ ಪುಲಿ. "ಬಾಗ್ಲಿಗೊಂದು ಪರದೆ ಹಾಕ್ಸಿ ಅಂತ ನಿಮ್ ಪೇಪರ್‌ನಲ್ಲಾದ್ರೂ ಬರೀರಿ" ಎನ್ನುವುದಷ್ಟೇ ಚಿಕ್ಕಮಾದಮ್ಮನವರ ಬೇಡಿಕೆ.

ಮಧ್ಯಾಹ್ನ ಡಾಕ್ಟರು ಬಂದು ನೋಡಿ, ಇನ್ನು ಏಳಬಹುದು ಎಂದು ಹೇಳಿ ಹೋಗುತ್ತಾರೆ. ಶಾಂತಾದೇವಿ ಮಾತ್ರ ಕೊರಡಿನಂತೆ ಮಲಗೇ ಇದ್ದಾರೆ.

"ಮಡಚ್ಲಾ, ಬೇಡ್ವಾ?"

"ಅಯ್ಯೋ ಶಿವನೇ! ಬ್ಯಾಡ ಅಂದಾಗ ಮಡಚಿದ್ರಿ, ಈಗ ಮಡಚಿ ಅಂದ್ರೆ ಎದ್ರುಕತೀರಲ್ಲ! ಡಾಕ್ಟ್ರು ಹೇಳ್ಲಿಲ್ವಾ?"

"ಹೇಳಿದ್ರು. ನೀನು ಹೇಳ್ಬೇಕಲ್ಲಮ್ಮಾ."

ಚಿಕ್ಕಮಾದಮ್ಮ ಹೊದಿಕೆ ಸರಿಸುತ್ತಾರೆ. ಆಮೇಲೆ ಹಿಮ್ಮಡಿಗೆ ಕೈಕೊಟ್ಟು ಮಂಡಿಯನ್ನು ಮೆಲ್ಲಗೆ ಮೇಲೆತ್ತುತ್ತಾರೆ.

"ತಲೆ ಡಾಕ್ಟ್ರುದು, ಕಾಲು ನಂದು. ನಾನೇ ಹೇಳ್ತಾ ಇವ್ನಿ, ಮಡಚಿ ತಾಯಿ."